ಎಲ್ಲರೂ ಬಂದ್ರಾ? - ವೈಡ್ ಲೆನ್ಸ್ ಹಿಡಿದವರ ಮೇಲೆ ಒಂದು ತಕರಾರು

ಮದುವೆ, ನಾಮಕರಣ, ಗೃಹಪ್ರವೇಶ ಯಾವುದಾದರೂ ಇರಲಿ, ನಮ್ಮ ಕಡೆ ಕ್ಯಾಮೆರಾ ಹಿಡಿದವನು ಕೇಳೋದು ಒಂದೇ ಪ್ರಶ್ನೆ. "ಎಲ್ಲರೂ ಬಂದ್ರಾ?" ಎಲ್ಲರೂ ಫ್ರೇಮಿನೊಳಗೆ ಬಂದರೆ ಅವನ ಕೆಲಸ ಮುಗೀತು. ಬಂದವರ ಮುಖ ಕಾಣ್ತಾ ಇದೆಯಾ, ಅವರು ಆಡಿದ ಮಾತು ಕೇಳ್ತಾ ಇದೆಯಾ, ಅದೆಲ್ಲ ಯಾರಿಗೂ ಬೇಕಿಲ್ಲ. ಹಾಜರಿ ಪುಸ್ತಕ ತುಂಬಿದರೆ ಸಾಕು.

ಈ ಹಾಜರಿ ಕೆಲಸಕ್ಕೆ ಅಂತಲೇ ಜನ ಕೊಂಡುಕೊಂಡ ವಸ್ತು ವೈಡ್ ಆಂಗಲ್ ಅಟ್ಯಾಚ್‌ಮೆಂಟ್. ಹ್ಯಾಂಡಿಕ್ಯಾಮಿನ ಮೂತಿಗೆ ತಿರುಪಿ ಕೂರಿಸುವ ದಪ್ಪ ಗಾಜಿನ ಬಿಲ್ಲೆ. ನಾನು ಬರೆಯುತ್ತಿರೋದು ಆ ಬಿಲ್ಲೆಯ ವಿರುದ್ಧ ಅಂದುಕೊಳ್ಳಬೇಡಿ. ಆ ಬಿಲ್ಲೆ ನನಗೆ ಬಹಳ ಇಷ್ಟ. ನನಗೆ ಸಿಟ್ಟು ಇರೋದು ಎರಡು ಥರದ ಜನರ ಮೇಲೆ. ಅದನ್ನು ಹಾಕಿಕೊಂಡು ಮೂಲೆಗೆ ಹೋಗಿ ನಿಲ್ಲುವವರು ಒಂದು, "ಛೀ, ಕ್ವಾಲಿಟಿ ಹಾಳಾಗುತ್ತೆ, ತೆಗೆದು ಬಿಸಾಕು" ಅನ್ನುವ ಪಂಡಿತರು ಇನ್ನೊಂದು.

ಈಗ ಯಾಕೆ ಈ ಮಾತು? ಹ್ಯಾಂಡಿಕ್ಯಾಮ್ ವಾಪಸ್ ಬಂದಿದೆ ಸ್ವಾಮಿ, ಫ್ಯಾಷನ್ನಾಗಿ! ನಮ್ಮ ಸೋಲದೇವನಹಳ್ಳಿಯಲ್ಲಿ ಕಾಲೇಜು ಹುಡುಗರಿಗೇನು ಬರವೇ? ಸಂಜೆ ಆದರೆ ಟೀ ಅಂಗಡಿ ಮುಂದೆ ಅರ್ಧ ಇಂಡಿಯಾ ನಿಂತಿರುತ್ತೆ. ಅವರಲ್ಲಿ ಕೆಲವರ ಕೈಯಲ್ಲಿ ಅಪ್ಪನ ಬೀರುವಿನಿಂದ ಎತ್ತಿಕೊಂಡು ಬಂದ ಹಳೇ ಕ್ಯಾಮ್‌ಕಾರ್ಡರ್, ಮುಂದೊಂದು ಫಿಶ್‌ಐ ಬಿಲ್ಲೆ. ಎಲ್ಲವೂ ದುಂಡಗೆ, ಎಲ್ಲವೂ ದೂರ. ನೋಡೋಕೆ ಮಜಾ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ನಾನು ಈಗ ಎರಡು ತಿಂಗಳಿಂದ ಮನೆಯ ಹಳೇ ಮಿನಿ ಡಿವಿ ಕ್ಯಾಸೆಟ್ಟುಗಳನ್ನು ಒಂದೊಂದೇ ಕಂಪ್ಯೂಟರಿಗೆ ಇಳಿಸುತ್ತಾ ಕೂತಿದ್ದೇನೆ. ಅದನ್ನು ನೋಡಿದ ಮೇಲೆ ಈ ಮಜಾ ಸ್ವಲ್ಪ ಕಹಿಯಾಗಿದೆ.

2007ರಲ್ಲಿ ನಮ್ಮ ಅತ್ತೆಯ ಮದುವೆ. ಅಮೆರಿಕದಿಂದ ರಜೆಗೆ ಬಂದಿದ್ದ ಸೋದರಮಾವ ಹೊಚ್ಚ ಹೊಸ ಕ್ಯಾಮ್‌ಕಾರ್ಡರ್ ತಂದಿದ್ದರು. ಮೂರು ಕ್ಯಾಸೆಟ್, ಮೂರು ಗಂಟೆ. ನಮ್ಮ ತಾತ ಆ ಮದುವೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಾತಾಡುತ್ತಲೇ ಇದ್ದರು. ಅವರು ಸುಮ್ಮನಿದ್ದಿದ್ದನ್ನು ನಾನಂತೂ ನೋಡಿಲ್ಲ. 2011ರಲ್ಲಿ ತೀರಿಕೊಂಡರು. ಅವರ ಧ್ವನಿ ಇರಬಹುದಾದ ಜಾಗ ಈಗ ಆ ಮೂರು ಕ್ಯಾಸೆಟ್ ಬಿಟ್ಟರೆ ಇನ್ನೊಂದಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಮೂರು ಗಂಟೆಯನ್ನೂ ಕೇಳಿದೆ. ತಾತ ಆಡಿದ ಒಂದೇ ಒಂದು ಪೂರ್ತಿ ವಾಕ್ಯ ಕೇಳಿಸಲ್ಲ.

ಮೊದಲ ಕ್ಯಾಸೆಟ್ಟಿನಲ್ಲಿ ಮಾವ ಛತ್ರದ ಕೊನೇ ಸಾಲಿನಿಂದ ಜೂಮ್ ಹಾಕಿದ್ದಾರೆ. ತಾತನ ಮುಖ ದೊಡ್ಡದಾಗೇ ಇದೆ. ತುಟಿ ಆಡ್ತಾ ಇದೆ, ನಗ್ತಾ ಇದ್ದಾರೆ, ಯಾರಿಗೋ ಕೈ ತೋರಿಸಿ ಬೈತಾ ಇದ್ದಾರೆ. ಆದರೆ ಕೇಳಿಸೋದು ವಾಲಗ, ಕಬ್ಬಿಣದ ಕುರ್ಚಿ ಎಳೆಯುವ ಸದ್ದು, ಮತ್ತೆ ಕ್ಯಾಮೆರಾ ಪಕ್ಕದಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮರು ಹೆಸರಘಟ್ಟ ರಸ್ತೆಯ ಸೈಟಿನ ರೇಟು ಹೇಳ್ತಾ ಇರೋದು! ಎರಡನೇ ಕ್ಯಾಸೆಟ್ಟಿನಿಂದ ಮಾವ ವೈಡ್ ಬಿಲ್ಲೆ ಹಾಕಿದ್ದಾರೆ. ಹಾಕಿ ಎಲ್ಲಿಗೆ ಹೋದರು? ಇನ್ನೂ ಹಿಂದಕ್ಕೆ. ಎಲ್ಲರೂ ಬಂದಿದ್ದಾರೆ, ಮಂಟಪ, ಧಾರೆ, ಇನ್ನೂರು ತಲೆ ಎಲ್ಲ. ತಾತ ಹೆಬ್ಬೆರಳಿನ ಉಗುರಿನಷ್ಟು.

(ಅಮೆರಿಕದ ಕ್ಯಾಮೆರಾ ಅಲ್ವಾ, ಎನ್‌ಟಿಎಸ್‌ಸಿ. ಸೆಕೆಂಡಿಗೆ 60 ಸಲ ಚಿತ್ರ ತೆಗೆಯುತ್ತೆ. ನಮ್ಮ ಕರೆಂಟು 50 ಹರ್ಟ್ಸ್. ಹೀಗಾಗಿ ಟ್ಯೂಬ್‌ಲೈಟ್ ಕೆಳಗಿನ ಊಟದ ಸಾಲು ಪೂರ್ತಿ ಮಿಣಮಿಣ ಅಂತಿದೆ. ಶಟರ್ ಸ್ಪೀಡು 1/100ಕ್ಕೆ ಇಟ್ಟಿದ್ದರೆ ನಿಲ್ಲುತ್ತಿತ್ತು. ನಿಮ್ಮ ಮನೆ ಕ್ಯಾಸೆಟ್ಟಿನಲ್ಲೂ ಹಾಗೇ ಇದ್ದರೆ ಟೇಪು ಕೆಟ್ಟಿದೆ ಅಂತ ಎಸೆಯಬೇಡಿ.)

ಜೂಮ್ ಚಿತ್ರವನ್ನು ಹತ್ತಿರ ತರುತ್ತೆ, ಶಬ್ದವನ್ನು ತರಲ್ಲ. ಕ್ಯಾಮ್‌ಕಾರ್ಡರಿನ ಮೈಕು ಅದರ ಮೈಯಲ್ಲೇ ಇದೆ, ನೀವು ಎಲ್ಲಿ ನಿಂತಿದ್ದೀರೋ ಅಲ್ಲಿನದ್ದೇ ಅದಕ್ಕೆ ಕೇಳೋದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬೆಲ್ ಇಳಿಯುತ್ತೆ. ಮೂರಡಿಯಲ್ಲಿ ನಿಂತವನು 24 ಅಡಿಗೆ ಹೋದರೆ 18 ಡೆಸಿಬೆಲ್ ಹೋಯ್ತು. ಪಕ್ಕದ ಕುರ್ಚಿಯ ಸದ್ದು ಮಾತ್ರ ಇದ್ದಷ್ಟೇ ಇರುತ್ತೆ. ಎಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಇದು ಪರೀಕ್ಷೆಯಲ್ಲಿ ಬರೆದು ಮರೆತ ಲೆಕ್ಕ.

ಹಾಗಾದರೆ ಎಲ್ಲರೂ ಬರಬೇಕು, ಧ್ವನಿಯೂ ಬರಬೇಕು ಅಂದರೆ? ಹತ್ತಿರ ಹೋಗಬೇಕು. ಹತ್ತಿರ ಹೋದರೆ ಫ್ರೇಮಿನಲ್ಲಿ ಬರೀ ಮೂಗು, ಕಿವಿ. ಆಗ ಬೇಕು ಸ್ವಾಮಿ ಆ ಬಿಲ್ಲೆ! ವೈಡ್ ಹಾಕೋದು ಹತ್ತಿರ ಹೋಗೋದಕ್ಕೆ. ನಮ್ಮವರು ಅದನ್ನು ತಲೆಕೆಳಗು ಮಾಡಿಕೊಂಡು ದೂರ ನಿಲ್ಲೋದಕ್ಕೆ ಲೈಸೆನ್ಸು ಅಂದುಕೊಂಡರು.

ತಪ್ಪು ಬರೀ ನಮ್ಮವರದ್ದಲ್ಲ. ಕ್ಯಾಮೆರಾ ಕಂಪನಿಗಳು ಕೂಡ ನಮಗೆ ಮಾರಿದ್ದು ದೂರವನ್ನೇ. ಆ ಕಾಲದ ಡಬ್ಬಗಳ ಮೇಲೆ ಏನು ಬರೆದಿರುತ್ತಿತ್ತು ನೆನಪಿದೆಯಾ? 20 ಎಕ್ಸ್ ಆಪ್ಟಿಕಲ್, 800 ಎಕ್ಸ್ ಡಿಜಿಟಲ್ ಜೂಮ್! ಚಂದ್ರನ ಮೇಲಿನ ಗುಂಡಿ ಎಣಿಸಬೇಕಾಗಿತ್ತಾ ನಮಗೆ? ಎಷ್ಟು ಅಗಲ ಕಾಣುತ್ತೆ ಅನ್ನೋದನ್ನು ಮಾತ್ರ ಯಾರೂ ಡಬ್ಬದ ಮೇಲೆ ಹಾಕಲಿಲ್ಲ, ಹಾಕುವಂಥದ್ದೂ ಏನಿರಲಿಲ್ಲ. 35 ಮಿ.ಮೀ. ಫಿಲಂ ಲೆಕ್ಕಕ್ಕೆ ತಂದರೆ ಆಗಿನ ಮನೆಬಳಕೆಯ ಕ್ಯಾಮೆರಾಗಳಲ್ಲಿ ಬಹಳಷ್ಟು ಶುರುವಾಗುತ್ತಿದ್ದದ್ದೇ 40-50 ಮಿ.ಮೀ. ಹತ್ತಿರ. ಸೆನ್ಸರ್ ಕಡಲೆಕಾಳಿನಷ್ಟು, ಅದಕ್ಕೆ ಅಗಲವೂ ಉದ್ದವೂ ಎರಡೂ ಇರುವ ಲೆನ್ಸ್ ಮಾಡಬೇಕಾದರೆ ದುಡ್ಡು ಜಾಸ್ತಿ. ಜೂಮಿನ ಅಂಕಿ ಮಾರಾಟ ಆಗುತ್ತೆ, ಅಗಲ ಆಗಲ್ಲ. 2010ರ ಹೊತ್ತಿಗೆ ಕೆಲವು ದುಬಾರಿ ಮಾದರಿಗಳು 30 ಮಿ.ಮೀ.ಗೆ ಇಳಿದವು. ಅಷ್ಟರಲ್ಲಿ ಫೋನುಗಳು ಹ್ಯಾಂಡಿಕ್ಯಾಮಿನ ಕಥೆ ಮುಗಿಸೋಕೆ ಶುರು ಮಾಡಿದ್ದವು.

ಈಗ ನಮ್ಮ ಮನೆಗೆ ಬನ್ನಿ. 30-40 ಸೈಟು, ಹತ್ತು-ಹನ್ನೆರಡರ ರೂಮು. ಬೆಂಗಳೂರಿನ ಅರ್ಧ ಜನ ಇಂಥದ್ದೇ ರೂಮಿನಲ್ಲಿ ಹುಟ್ಟಿದ ಹಬ್ಬ ಮಾಡಿಕೊಂಡು ಬೆಳೆದಿರೋದು. ಗೋಡೆಗೆ ಬೆನ್ನು ಹಚ್ಚಿ ಎದುರು ಗೋಡೆಗೆ ಕ್ಯಾಮೆರಾ ಹಿಡಿಯಿರಿ. ನಿಮ್ಮ ಮೈ ಒಂದೂವರೆ ಅಡಿ ತಿಂದರೆ ಉಳಿದದ್ದು ಎಂಟೂವರೆ ಅಡಿ. 45 ಮಿ.ಮೀ. ಲೆನ್ಸಿಗೆ ಅಲ್ಲಿಂದ ಕಾಣುವುದು ಹನ್ನೆರಡು ಅಡಿ ಗೋಡೆಯಲ್ಲಿ ಏಳಡಿಗೂ ಕಡಿಮೆ. 0.6 ಎಕ್ಸ್ ಬಿಲ್ಲೆ ಹಾಕಿದರೆ ಅದು 27 ಮಿ.ಮೀ. ಆಗುತ್ತೆ, ಹನ್ನೊಂದು ಅಡಿ ಚಿಲ್ಲರೆ ಕಾಣುತ್ತೆ. ಕೇಕು ಕತ್ತರಿಸುವ ಮಗುವೂ ಬಂತು, ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿಯೂ ಬಂದರು. ಅದೂ ಎಂಟೂವರೆ ಅಡಿಯಿಂದ, ಅಜ್ಜಿ ಗೊಣಗಿದ್ದೂ ಕೇಳುವಷ್ಟು ಹತ್ತಿರದಿಂದ.

ಬಿಲ್ಲೆಯೊಳಗೆ ಇರೋದು ದೊಡ್ಡ ರಹಸ್ಯವೇನಲ್ಲ. ದೂರದರ್ಶಕವನ್ನು ತಿರುಗಾ ಮುರುಗಾ ಹಿಡಿದು ನೋಡಿದ್ದೀರಲ್ಲ ಚಿಕ್ಕವರಿದ್ದಾಗ, ಅದೇ. ಮುಂದೆ ತಗ್ಗು ಗಾಜು, ಹಿಂದೆ ಉಬ್ಬು ಗಾಜು. ಸಮಾನಾಂತರವಾಗಿ ಬಂದ ಬೆಳಕು ಸಮಾನಾಂತರವಾಗೇ ಆಚೆ ಬರುತ್ತೆ, ಅದಕ್ಕೇ ಕ್ಯಾಮೆರಾದ ಸ್ವಂತ ಫೋಕಸ್ಸಿಗೆ ತೊಂದರೆ ಆಗಲ್ಲ. ಮರೆಯ ಅಳತೆ ಹೊಂದಿದರೆ ಯಾವ ಕ್ಯಾಮೆರಾಕ್ಕಾದರೂ ಹಾಕಬಹುದು. 37 ಮಿ.ಮೀ. ಬಹಳ ಸಾಮಾನ್ಯ. ಅಪ್ಪ 2008ರಲ್ಲಿ ಕೊಂಡ ನಮ್ಮ ಹ್ಯಾಂಡಿಕ್ಯಾಮಿನದ್ದು 30, ಮಧ್ಯೆ ಒಂದು ಉಂಗುರ ಹಾಕಿಕೊಂಡಿದ್ದೇನೆ.

ಅಗ್ಗದ ಬಿಲ್ಲೆಗಳು ಮೋಸ ಅನ್ನೋದನ್ನು ನಾನೂ ಒಪ್ಪುತ್ತೇನೆ. ಪೇಟೆಯ ಒಂದು ಅಂಗಡಿಯಲ್ಲಿ ನನಗೆ ಸಿಕ್ಕ ಬಿಲ್ಲೆಯ ಸುತ್ತ 'ಪ್ರೊಫೆಷನಲ್, ಹೈ ಡೆಫಿನಿಷನ್, 0.45 ಎಕ್ಸ್' ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಮನೆಗೆ ತಂದು ಬಚ್ಚಲಿನ ಗೋಡೆಗೆ ಹಿಡಿದೆ. ಬಿಲ್ಲೆ ಇಲ್ಲದೆ ಅಡ್ಡಕ್ಕೆ 8 ಟೈಲ್ಸ್ ಕಾಣುತ್ತೆ, ಹಾಕಿದರೆ 13. ಎಂಟನ್ನು ಹದಿಮೂರರಿಂದ ಭಾಗಿಸಿ. 0.62! 0.45 ಎಲ್ಲಿಂದ ಬಂತೋ ಆ ಭಗವಂತನಿಗೇ ಗೊತ್ತು. ನೀವು ಕೊಂಡ ದಿನವೇ ಈ ಟೈಲ್ಸ್ ಪರೀಕ್ಷೆ ಮಾಡಿ. ಗೆರೆಗಳು ಅಂಚಿನಲ್ಲಿ ಎಷ್ಟು ಬಾಗುತ್ತವೆ, ಮೂಲೆ ಎಷ್ಟು ಮಬ್ಬಾಗುತ್ತೆ, ಬಿಳಿ ಟೈಲ್ಸಿನ ಅಂಚಿಗೆ ನೇರಳೆ ಬಣ್ಣ ಬರುತ್ತಾ, ಎಲ್ಲ ಅಲ್ಲೇ ಗೊತ್ತಾಗುತ್ತೆ. ಪೂರ್ತಿ ಜೂಮ್ ಮಾಡಿದರೆ ಅಗ್ಗದ್ದು ಫೋಕಸ್ಸೇ ಆಗಲ್ಲ. ಒಳಗೆ ಯುವಿ ಫಿಲ್ಟರ್ ಬಿಟ್ಟು ಅದರ ಮೇಲೆ ಬಿಲ್ಲೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ, ಫಿಲ್ಟರ್ ತೆಗೆಯಿರಿ, ಆಮೇಲೂ ಉಳಿದರೆ ಚೂರೇ ಚೂರು ಜೂಮ್ ಒತ್ತಿ. ಸೆನ್ಸರ್ ಸಣ್ಣದಾದ್ದರಿಂದ ಗಾಜಿನ ಮೇಲಿನ ಧೂಳೂ ಚೊಕ್ಕವಾಗಿ ಫೋಕಸ್ಸಾಗಿ ಕೂರುತ್ತೆ, ಜೇಬಲ್ಲಿ ಒಂದು ಮೆತ್ತನೆ ಬಟ್ಟೆ ಇರಲಿ.

ಇಷ್ಟು ದೋಷ ಹೇಳಿದ ಮೇಲೆ ಪಂಡಿತರು ಕೇಳುತ್ತಾರೆ, ಮತ್ತೆ ಯಾಕಪ್ಪಾ ಹಾಕ್ತೀಯಾ? ಕಂಪನಿಯವರು ಅಷ್ಟು ಕಷ್ಟಪಟ್ಟು ಮಾಡಿದ ಲೆನ್ಸಿನ ಮುಂದೆ ಇನ್ನೊಂದು ಗಾಜು ತಂದು ಇಡೋದು ಪಾಪ ಅಲ್ವಾ?

ಅವರನ್ನು ಹೆಸರಘಟ್ಟಕ್ಕೆ ಕರೆದುಕೊಂಡು ಹೋಗಬೇಕು ಅನ್ನಿಸುತ್ತೆ. ನಮ್ಮೂರಿನಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಅದು ಮೊದಲು ಇದ್ದದ್ದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ಕಿನ ಭಾಗವಾಗಿ. ಆ ಪಾಲಿಟೆಕ್ನಿಕ್ಕಿನ ಸಿನೆಮಾಟೋಗ್ರಫಿ ತರಗತಿಯಲ್ಲಿ 1940ರ ದಶಕದಲ್ಲಿ ಕಲಿತ ಮೈಸೂರಿನ ಹುಡುಗ ವಿ.ಕೆ. ಮೂರ್ತಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ನೇ ಸಾಲಿಗೆ. ಅವರು ಗುರುದತ್ತನಿಗಾಗಿ ತೆಗೆದ 'ಕಾಗಜ್ ಕೇ ಫೂಲ್' (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸಿನಿಮಾಸ್ಕೋಪ್ ಅಂದರೇನು? ಫ್ರಾನ್ಸಿನ ಆನ್ರಿ ಕ್ರೆತಿಯೆಂ ಅನ್ನುವವರು 1920ರ ದಶಕದಲ್ಲಿ ಕಂಡುಹಿಡಿದ, ಮಾಮೂಲಿ ಲೆನ್ಸಿನ ಮುಂದೆ ಕೂರಿಸುವ ಗಾಜು! ಅಡ್ಡಕ್ಕೆ ಎರಡರಷ್ಟು ಅಗಲವನ್ನು ಹಿಂಡಿ ಫಿಲಂ ಒಳಗೆ ತುರುಕುತ್ತೆ, ಥಿಯೇಟರಿನಲ್ಲಿ ಇನ್ನೊಂದು ಗಾಜು ಅದನ್ನು ಬಿಡಿಸುತ್ತೆ. ನಮ್ಮ ಬಿಲ್ಲೆಯ ಕೆಲಸವೂ ಅದರ ಕೆಲಸವೂ ಒಂದೇ ಅಲ್ಲ, ಗೊತ್ತು. ಆದರೆ ಅದರಲ್ಲೂ ದೋಷ ಇತ್ತು. ಮೊದಮೊದಲ ಸಿನಿಮಾಸ್ಕೋಪ್ ಲೆನ್ಸುಗಳಲ್ಲಿ ಹತ್ತಿರದ ಮುಖ ತೆಗೆದರೆ ಕೆನ್ನೆ ಊದಿಕೊಳ್ಳುತ್ತಿತ್ತು. ಹಾಲಿವುಡ್ಡಿನವರು ಅದಕ್ಕೆ ಗದ್ದಕಟ್ಟು ಅಂತಲೇ ಹೆಸರಿಟ್ಟಿದ್ದರು. ಗದ್ದಕಟ್ಟು ಇದೆ ಅಂತ ಕೂಡಲೇ ಯಾರೂ ಲೆನ್ಸ್ ಬಿಸಾಕಲಿಲ್ಲ, ಮುಖವನ್ನು ಎಷ್ಟು ದೂರದಲ್ಲಿ ಇಡಬೇಕು ಅಂತ ಕಲಿತರು.

ಇನ್ನೊಂದು ತಮಾಷೆ. 2007ರ ಆ ಎರಡನೇ ಕ್ಯಾಸೆಟ್ಟಿನ ನಾಲ್ಕೂ ಮೂಲೆಯಲ್ಲಿ ಈಗ ಕಪ್ಪು ನೆರಳು ಕಾಣುತ್ತೆ. ಮಾವನಿಗೆ ಫೋನಿನಲ್ಲಿ ಹೇಳಿದರೆ ನಂಬಲೇ ಇಲ್ಲ, "ನಮ್ ಟೀವೀಲಿ ಕಾಣ್ತಿರ್ಲಿಲ್ಲ ಕಣೋ" ಅಂದರು. ಅವರು ಹೇಳಿದ್ದು ನಿಜ. ಹಳೇ ಪಿಕ್ಚರ್ ಟ್ಯೂಬ್ ಟೀವಿಗಳು ಚಿತ್ರದ ಅಂಚನ್ನು ಸುತ್ತಲೂ ಒಂದಿಷ್ಟು ಕತ್ತರಿಸಿಯೇ ತೋರಿಸುತ್ತಿದ್ದವು. ಕಂಪ್ಯೂಟರು ಏನನ್ನೂ ಮುಚ್ಚಿಡಲ್ಲ. ಪಂಡಿತರು ಇವತ್ತು ತೋರಿಸಿ ತೋರಿಸಿ ನಗುವ ದೋಷ ಆವತ್ತು ನೋಡಿದವರಿಗೆ ಇರಲೇ ಇಲ್ಲ! ಕಾಣುತ್ತಿದ್ದದ್ದು, ಆದರೂ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದದ್ದು, ತಾತ ಅಷ್ಟು ದೂರ ಇದ್ದದ್ದು.

ಫಿಶ್‌ಐ ಹುಡುಗರಿಗೂ ಒಂದು ಮಾತು. ನೀವು ಯಾರನ್ನು ನೋಡಿ ಇದನ್ನು ಕಲಿತಿರೋ ಅವರನ್ನು ಸರಿಯಾಗಿ ನೋಡಿಲ್ಲ. ಅಮೆರಿಕದ ಸ್ಕೇಟ್‌ಬೋರ್ಡ್ ಹುಡುಗರು 1995ರಲ್ಲಿ ಬಂದ ಸೋನಿ ವಿಎಕ್ಸ್ 1000 ಕ್ಯಾಮೆರಾಕ್ಕೆ ಸೆಂಚುರಿ ಕಂಪನಿಯ ಫಿಶ್‌ಐ ಹಾಕಿ ವರ್ಷಗಟ್ಟಲೆ ವಿಡಿಯೋ ಮಾಡಿದರು. ಅದರಲ್ಲಿ ಕ್ಯಾಮೆರಾ ಎಲ್ಲಿರುತ್ತೆ ಗಮನಿಸಿ. ನೆಲಕ್ಕೆ ತಾಗುವ ಹಾಗೆ, ಬೋರ್ಡಿನಿಂದ ಗೇಣು ದೂರದಲ್ಲಿ. ಹಿಡಿದವನೂ ಇನ್ನೊಂದು ಬೋರ್ಡಿನ ಮೇಲೆ ಜೊತೆಗೇ ಓಡುತ್ತಿರುತ್ತಾನೆ. ಚಕ್ರ ಕಾಂಕ್ರೀಟಿಗೆ ತಿಕ್ಕುವ ಸದ್ದು ನಮ್ಮ ಕಿವಿಯಲ್ಲೇ ಆಗುತ್ತೆ. ನೀವು ಅದೇ ಗಾಜು ಹಾಕಿಕೊಂಡು ರಸ್ತೆಯ ಆಚೆ ಬದಿಯಿಂದ ಗೆಳೆಯನನ್ನು ಇರುವೆ ಮಾಡುತ್ತೀರಲ್ಲ, ಅದನ್ನು ಏನನ್ನಬೇಕು?

ನನ್ನ ವಾದಕ್ಕೆ ಎದುರಾಗಿ ನಿಜಕ್ಕೂ ತೂಕ ಇರುವ ಮಾತು ಬೇರೆಯೇ ಇದೆ. ಹತ್ತಿರ ಹೋದರೆ ಜನ ಗಟ್ಟಿಯಾಗಿಬಿಡುತ್ತಾರೆ, ಮೂಗೂ ದಪ್ಪ ಕಾಣುತ್ತೆ ಅಂತ. ಮೂಗಿನದ್ದು ಸುಲಭ. ಮೂಗು ದಪ್ಪ ಮಾಡೋದು ದೂರ, ಲೆನ್ಸ್ ಅಲ್ಲ. ಒಂದಡಿಗೆ ಹೋದರೆ ಯಾವ ಲೆನ್ಸಿನಲ್ಲೂ ದಪ್ಪವೇ. ಮೂರಡಿ ಬಿಡಿ, ಮುಖ ಅಂಚಿಗೆ ಹೋಗದ ಹಾಗೆ ನೋಡಿಕೊಳ್ಳಿ, ಕ್ಯಾಮೆರಾ ಅವರ ಕಣ್ಣಿನ ಎತ್ತರಕ್ಕೆ ಇಳಿಸಿ. ಅಜ್ಜಿ ನೆಲದ ಮೇಲೆ ಕೂತಿದ್ದರೆ ನೀವೂ ನೆಲದ ಮೇಲೆ ಕೂರಿ. ಜನ ಗಟ್ಟಿಯಾಗೋದು ಮಾತ್ರ ನಿಜ. ಗುರುತಿಲ್ಲದವರ ಮುಖಕ್ಕೆ ಮೂರಡಿಯಲ್ಲಿ ಕ್ಯಾಮೆರಾ ಹಿಡಿಯೋದು ಒರಟುತನ, ಮದುವೆಯಲ್ಲಿ ಊಟದ ಎಲೆ ಮುಂದೆ ಹಾಗೆ ಹಿಡಿಯುವವರನ್ನು ಕಂಡರೆ ನನಗೂ ಮೈ ಉರಿಯುತ್ತೆ. ಆದರೆ ನಮ್ಮ ಮನೆಯವರ ಹತ್ತಿರ? ಇಲ್ಲಿ ಹಳೇ ಹ್ಯಾಂಡಿಕ್ಯಾಮಿಗೆ ಒಂದು ಅನುಕೂಲ ಇದೆ. ಪರದೆ ಪಕ್ಕಕ್ಕೆ ಬಿಚ್ಚಿಕೊಳ್ಳುತ್ತೆ. ಕ್ಯಾಮೆರಾ ಎದೆಯ ಹತ್ತಿರ ಇಟ್ಟುಕೊಂಡು ಎದುರಿನವರ ಮುಖ ನೋಡಿ ಮಾತಾಡಬಹುದು. ವೈಡ್ ಇದ್ದರೆ ಫ್ರೇಮ್ ತಪ್ಪುವ ಭಯ ಇಲ್ಲ, ಕೈ ನಡುಗಿದ್ದೂ ಅಷ್ಟಾಗಿ ಕಾಣಲ್ಲ, ಪರದೆ ನೋಡುತ್ತಾ ಕೂರಬೇಕಾಗಿಲ್ಲ. ಹತ್ತು ನಿಮಿಷಕ್ಕೆ ಅವರಿಗೂ ಮರೆತುಹೋಗುತ್ತೆ.

ಫೋನಿನಲ್ಲೇ 0.5 ಇದೆಯಲ್ಲ ಅನ್ನುವವರಿಗೆ: ಧಾರಾಳವಾಗಿ ಬಳಸಿ. ನನ್ನ ಜಗಳ ಯಂತ್ರದ್ದಲ್ಲ. ಟ್ಯೂಬ್‌ಲೈಟಿನ ರೂಮಿನಲ್ಲಿ ಬಹಳ ಫೋನುಗಳ ಆ ಅಗಲದ ಲೆನ್ಸು ಮಣ್ಣು ಎರಚಿದ ಹಾಗೆ ತೆಗೆಯುತ್ತೆ, ಮಾತಿನ ಮಧ್ಯೆ ಆಫೀಸಿನ ಕಾಲ್ ಬರುತ್ತೆ, ಅದು ಬಿಟ್ಟರೆ ಲೆಕ್ಕ ಒಂದೇ. ಅಲ್ಲೂ ನಮ್ಮವರು 0.5 ಒತ್ತಿ ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ!

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಂಡಿದ್ದೇನೆ ಅಂದರೆ, ಊರೊಳಗಿನ ನಮ್ಮ ಹಳೇ ಮನೆ ಬೀಳಿಸುತ್ತಿದ್ದಾರೆ. ತಾತ ಕಟ್ಟಿಸಿದ್ದು. ನಾಡಹೆಂಚಿನ ಮನೆ, ಪಡಸಾಲೆ, ನಡುಮನೆ, ಮಸಿ ಹಿಡಿದ ಅಡುಗೆಮನೆ. ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಪಿಜಿ ಬರುತ್ತೆ. ದೊಡ್ಡಪ್ಪನಿಗೆ ವಯಸ್ಸಾಗಿದೆ, ಮಳೆಗಾಲದಲ್ಲಿ ಸೋರುತ್ತೆ, ನಾನು ಬೇಡ ಅನ್ನೋದಕ್ಕೆ ಯಾರು? ತಕರಾರು ಅದರ ಮೇಲಲ್ಲ. ಬೀಳಿಸುವ ಮೊದಲು "ನೆನಪಿಗೆ" ಅಂತ ಅಣ್ಣಂದಿರು ಡ್ರೋನಿನವನಿಗೆ ಹೇಳಿದ್ದಾರೆ. ಮೇಲಿಂದ ಹೆಂಚು, ಅಂಗಳದಲ್ಲಿ ನಿಂತ ಮೂವತ್ತು ಜನ, ಎಲ್ಲರೂ ತಲೆ ಎತ್ತಿ ಕೈ ಬೀಸಬೇಕಂತೆ, ಹಿಂದೆ ಒಂದು ಸಿನಿಮಾ ಹಾಡು. ಎಲ್ಲರೂ ಬಂದ್ರಾ? ಬಂದ್ರು. ಮತ್ತೆ ಅದೇ ಹಾಜರಿ, ಈ ಸಲ ನಾನೂರು ಅಡಿ ಮೇಲಿಂದ!

ಆ ಮನೆಯ ಅಡುಗೆಮನೆ ಏಳಡಿಗೆ ಎಂಟಡಿ. ಅಜ್ಜಿ ಐವತ್ತು ವರ್ಷ ಅಲ್ಲಿ ಮುದ್ದೆ ತಿರುವಿದ್ದಾರೆ. ಒರಳುಕಲ್ಲು ಯಾವ ಮೂಲೆಯಲ್ಲಿತ್ತು, ಹೊಗೆ ಎಲ್ಲಿಂದ ಹೋಗುತ್ತಿತ್ತು, ಅಟ್ಟದ ಮೇಲೆ ಯಾವ ಗುಡಾಣದಲ್ಲಿ ಅವರೆಕಾಳು ಇಡುತ್ತಿದ್ದರು, ಡ್ರೋನಿಗೆ ಹೇಗೆ ಗೊತ್ತಾಗಬೇಕು? ಬರೀ ಹ್ಯಾಂಡಿಕ್ಯಾಮು ಅಲ್ಲಿ ಹಿಡಿದರೆ ಒಲೆ ಬಂದರೆ ಅಜ್ಜಿ ಇಲ್ಲ, ಅಜ್ಜಿ ಬಂದರೆ ಒಲೆ ಇಲ್ಲ. ಕಳೆದ ಎರಡು ಭಾನುವಾರ ಬಿಲ್ಲೆ ಹಾಕಿಕೊಂಡು ಹೊಸಿಲ ಮೇಲೆ ಕೂತೆ. ಅಜ್ಜಿ, ಒಲೆ, ಅಟ್ಟ, ಹೆಂಚಿನ ಸಂದಿಯಿಂದ ಬೀಳುವ ಬಿಸಿಲು ಎಲ್ಲ ಒಂದೇ ಫ್ರೇಮಿನಲ್ಲಿ. ಗೋಡೆ ಸ್ವಲ್ಪ ಬಾಗಿದೆ. ಆ ಗೋಡೆ ಮೊದಲೂ ನೆಟ್ಟಗಿರಲಿಲ್ಲ ಬಿಡಿ :) ತಾತ ಜಗಳ ಮಾಡಿಕೊಂಡು ಊಟ ಬಿಟ್ಟು ಅಟ್ಟ ಹತ್ತಿ ಮಲಗಿದ ಕಥೆಯನ್ನು ಅಜ್ಜಿ ನಗುತ್ತಾ ಹೇಳಿದರು, ನಾನು ಅದನ್ನು ಮೊದಲ ಸಲ ಕೇಳಿದ್ದು. ಒಂದಕ್ಷರ ತಪ್ಪದೆ ರೆಕಾರ್ಡ್ ಆಗಿದೆ. ದೊಡ್ಡಪ್ಪನಿಗೆ ತೋರಿಸಿದೆ. "ಇದೇನೋ, ಬರೀ ಮಸಿ ತೆಗ್ದಿದೀಯ" ಅಂದರು. ಆಮೇಲೆ ಪೂರ್ತಿ ನಲವತ್ತು ನಿಮಿಷ ಕೂತು ನೋಡಿದರು.

ಬೀಳಿಸೋಕೆ ಇನ್ನು ಮೂರು ಭಾನುವಾರ ಇದೆ. ನಡುಮನೆ ಮತ್ತು ದೇವರ ಗೂಡು ಬಾಕಿ. ತೊಂದರೆ ಏನಪ್ಪಾ ಅಂದರೆ ಹ್ಯಾಂಡಿಕ್ಯಾಮಿನ ಹಳೇ ಬ್ಯಾಟರಿ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುತ್ತಿಲ್ಲ, ಆ ಮನೆಯ ಕರೆಂಟು ಆಗಲೇ ತೆಗೆಸಿಬಿಟ್ಟಿದ್ದಾರೆ. ನಿಮ್ಮಲ್ಲಿ ಯಾರ ಬೀರುವಿನಲ್ಲಾದರೂ ಎನ್‌ಪಿ-ಎಫ್‌ಎಚ್ 50 ಬ್ಯಾಟರಿ ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ, ಯಶವಂತಪುರ, ಚಿಕ್ಕಬಾಣಾವರದ ಸುತ್ತಮುತ್ತ ಎಲ್ಲಿಗೆ ಬೇಕಾದರೂ ಬಂದು ತಗೊಂಡು ಹೋಗುತ್ತೇನೆ. ಬದಲಿಗೆ 0.45 ಅಂತ ಸುಳ್ಳು ಬರೆದಿರುವ ಆ ಬಿಲ್ಲೆ ಬೇಕಾದರೆ ನಿಮಗೇ. ನನ್ನ ಹತ್ತಿರ ಈಗ ಇನ್ನೊಂದು ಒಳ್ಳೇದಿದೆ.